ತೊಳೆದಿದ್ದಕ್ಕೆ ನಮ್ಮದಾದ ಕಸ

ದೇಶದಿಂದ ದೇಶಕ್ಕೆ ತ್ಯಾಜ್ಯ ಸಾಗಿಸುವುದನ್ನು ತಡೆಯಲೆಂದೇ ಇರುವ ಅಂತಾರಾಷ್ಟ್ರೀಯ ಕಾರ್ಯಾಲಯದ ಮುಖ್ಯಸ್ಥರಿಗೆ,

ಮಾನ್ಯರೇ, ನಿಮ್ಮ ಒಪ್ಪಂದಕ್ಕೆ ಸಹಿ ಹಾಕಿದ ಒಂದು ದೇಶದ ಕಸ ನನ್ನ ಅಂಗಡಿಯ ಎದುರು ಒಂದೂವರೆ ವರ್ಷದಿಂದ ಕೊಳೆಯುತ್ತಿದೆ. ಅದೇ ಒಪ್ಪಂದಕ್ಕೆ ಸಹಿ ಹಾಕಿದ ನನ್ನ ದೇಶ ಅದನ್ನು ಮೂಗು ಮುಚ್ಚಿಕೊಂಡು ನೋಡುತ್ತಿದೆ. ಎರಡೂ ಸಹಿಗಳನ್ನು ಜೋಪಾನವಾಗಿ ಇಟ್ಟುಕೊಂಡಿರುವ ತಾವು ಕಳೆದ ವಾರ ನಮಗೊಂದು ಉತ್ತರ ದಯಪಾಲಿಸಿದ್ದೀರಿ. ಆ ಕಸ ಇನ್ನು ಮುಂದೆ ನಮ್ಮದೇ ಎನ್ನುವುದು ಅದರ ಸಾರಾಂಶ. ಅಭಿನಂದನೆ ಹೇಳುವುದೊಂದನ್ನು ಮರೆತಿದ್ದೀರಿ.

ನಾನು ಬಂದರಿನ ಹಿಂಬದಿಯ ಬೀದಿಯಲ್ಲಿ ಲಾಂಡ್ರಿ ನಡೆಸುವವಳು. ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ಬಟ್ಟೆ ಒಣಹಾಕುವ ತಾರಸಿ. ಎದುರಿಗೆ ತಂತಿಬೇಲಿ, ಬೇಲಿಯಾಚೆ ಕಂಟೇನರ್‌ಗಳ ಅಂಗಳ. ಮರುಬಳಕೆಯ ಕಾಗದ ಎಂಬ ಹೆಸರಿನಲ್ಲಿ ಬಂದ ಆ ಕಂಟೇನರ್‌ಗಳಲ್ಲಿ ಕಾಗದ ಬಿಟ್ಟು ಮಿಕ್ಕಿದ್ದೆಲ್ಲ ಇತ್ತು: ಮಕ್ಕಳಿಗೆ ಕಟ್ಟಿ ಬಿಚ್ಚಿದ ಡೈಪರ್, ಮಾಂಸದ ತಟ್ಟೆ, ಆಸ್ಪತ್ರೆಯ ಕೊಳವೆ, ಯಾರದೋ ಮನೆಯ ಅರ್ಧ ತಿಂದ ಊಟ. ತರಿಸಿಕೊಂಡ ವ್ಯಾಪಾರಿ ಕಚೇರಿಗೆ ಬೀಗ ಹಾಕಿ ನಾಪತ್ತೆಯಾದ. ಕಳಿಸಿದ ದೇಶ ‘ನಮ್ಮದೆನ್ನಲು ಪುರಾವೆ ಕೊಡಿ’ ಎಂದಿತು. ನಮ್ಮ ಸರ್ಕಾರದ ಇಲಾಖೆ ‘ಒಪ್ಪಂದದ ಪ್ರಕಾರ ನೀವೇ ವಾಪಸ್ ಒಯ್ಯಬೇಕು’ ಎಂದಿತು. ಹೀಗೆ ಎರಡು ಸರ್ಕಾರಗಳು ಪರಸ್ಪರ ಅತ್ಯಂತ ಗೌರವದಿಂದ ಪತ್ರ ಬರೆದುಕೊಳ್ಳುತ್ತಿರುವಾಗ ಕಂಟೇನರ್‌ಗಳ ತಳ ತುಕ್ಕು ಹಿಡಿದು ತೂತಾಯಿತು.

ಆ ವಾಸನೆ ಹೇಗಿರುತ್ತದೆಂದು ತಮಗೆ ಹೇಗೆ ತಿಳಿಸಲಿ? ಒಗೆದ ಹಾಸಿಗೆ ಬಟ್ಟೆಗಳನ್ನು ತಾರಸಿಯ ಮೇಲೆ ಹರವಿದರೆ ಸಂಜೆಗೆ ಅವು ಒಗೆಯುವ ಮುಂಚಿಗಿಂತ ಕೆಟ್ಟದಾಗಿ ನಾರುತ್ತವೆ. ಹತ್ತಾರು ವರ್ಷದ ಗಿರಾಕಿಯಾದ ನರ್ಸಮ್ಮ ತನ್ನ ಸಮವಸ್ತ್ರವನ್ನು ಮೂಗಿನ ಹತ್ತಿರ ಹಿಡಿದು, ‘ಅಲ್ಲಾ ಕಣಮ್ಮಾ, ಒಗ್ದಿದೀಯೋ ಇಲ್ಲಾ ಹಾಗೇ ಮಡಚಿಟ್ಟಿದೀಯೋ?’ ಎಂದು ಕೇಳಿದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಂಗಡಿಯ ಮಾತು ಹಾಳಾಗಲಿ. ನನಗೊಬ್ಬ ಮೊಮ್ಮಗಳು ಹುಟ್ಟಿದ್ದಾಳೆ. ದಿನ ತುಂಬುವ ಮೊದಲೇ ಅವಸರದಲ್ಲಿ ಬಂದವಳು, ಪುಪ್ಪುಸ ಇನ್ನೂ ಎಳಸು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ನಮ್ಮ ವಿಳಾಸ ಕೇಳಿದವರೇ, ‘ಆ ಬೀದಿಗಾ? ಬೇಡವೇ ಬೇಡ’ ಎಂದರು. ಅಂಗಳದ ಬೂಸಲು ಬಟ್ಟೆಯಲ್ಲಿ, ಕೂದಲಲ್ಲಿ ಅಂಟಿಕೊಂಡು ಬರುತ್ತದಂತೆ. ಹಾಗಾಗಿ ಮಗ, ಸೊಸೆ, ಮಗು ಮೂವರೂ ಸೊಸೆಯ ಅಕ್ಕನ ಮನೆಯ ಒಂದು ಕೋಣೆಯಲ್ಲಿದ್ದಾರೆ. ನಾನು ತಲೆಗೆ ನೀರು ಹಾಕಿಕೊಂಡು, ಬಟ್ಟೆ ಬದಲಾಯಿಸಿಕೊಂಡು ಹೋದರೂ ಬಾಗಿಲಲ್ಲೇ ಕೂರಬೇಕು. ಸೊಸೆ ಕಣ್ಣು ತಗ್ಗಿಸಿ, ‘ಸ್ವಲ್ಪ ದಿನ ಅತ್ತೆ, ತಪ್ಪು ತಿಳ್ಕೋಬೇಡಿ’ ಅನ್ನುತ್ತಾಳೆ. ಅವಳದೇನು ತಪ್ಪು? ಊರವರ ಕೊಳೆಯನ್ನೆಲ್ಲ ತೆಗೆದ ಕೈಗೆ ತನ್ನ ಮೈಮೇಲಿನ ಒಂದು ಬಟ್ಟೆಯನ್ನು ಚೊಕ್ಕ ಮಾಡಿಕೊಳ್ಳಲು ಆಗುತ್ತಿಲ್ಲವಲ್ಲ!

ಇಂಥ ಹೊತ್ತಿನಲ್ಲಿ, ಬೀದಿಯವರೆಲ್ಲ ಸೇರಿ ತಮಗೆ ಕಳಿಸಿದ್ದ ದೂರಿನ ಮೇಲೆ ತಮ್ಮ ಪರಿಶೀಲನಾ ತಂಡ ಬರುತ್ತದೆಂಬ ಸುದ್ದಿ ಬಂತು. ಇಡೀ ಬೀದಿಗೆ ಜೀವ ಬಂತು. ಪಕ್ಕದ ಮನೆಯ ನಿವೃತ್ತ ಕ್ರೇನ್ ಚಾಲಕರು, ಎಲ್ಲರಿಗೂ ಅವರು ಕ್ರೇನ್ ಮಾವ, ಮನೆಮನೆ ಬಾಗಿಲು ಬಡಿದರು. ‘ದೂರದೇಶದಿಂದ ಬರ್ತಾವ್ರೆ ಕಣ್ರೀ. ಈ ಗಲೀಜಲ್ಲಿ ಅವರನ್ನ ಹೆಂಗ್ರೀ ನಿಲ್ಸೋದು? ಮಾನ ಮರ್ಯಾದೆ ಬೇಡ್ವಾ ನಮಗೆ?’ ಎಂದರು. ನಿಜವಲ್ಲವೇ? ಮನೆಗೆ ಯಾರಾದರೂ ಬರುತ್ತಾರೆಂದರೆ ಗುಡಿಸುವುದಿಲ್ಲವೇ? ಕಾವಲುಗಾರ ಗೇಟು ತೆಗೆದುಕೊಟ್ಟ, ಪಾಪ, ಅವನಿಗೂ ಮೂಗಿದೆ. ಸುರಿದುಬಿದ್ದದ್ದನ್ನೆಲ್ಲ ಬಾಚಿ, ಬೇರೆ ಬೇರೆ ಮಾಡಿ, ನನ್ನ ಅಂಗಡಿಯ ಗಟ್ಟಿ ಚೀಲಗಳಿಗೆ ತುಂಬಿ, ಬಾಯಿ ಕಟ್ಟಿ ಮತ್ತೆ ಕಂಟೇನರ್‌ಗಳ ಒಳಗಿಟ್ಟೆವು. ನೆಲಕ್ಕೆ ಪೈಪಿನಿಂದ ನೀರು ಬಿಟ್ಟು ಉಜ್ಜಿದೆವು, ಸುಣ್ಣದ ಪುಡಿ ಎರಚಿದೆವು. ಮದುವೆ ಬಟ್ಟೆಗಳಿಗೆಂದು ಇಟ್ಟಿದ್ದ ಸುವಾಸನೆಯ ದ್ರಾವಣವನ್ನು ನಾನೇ ಕೈಯಾರೆ ಚಿಮುಕಿಸಿದೆ. ಮುಗಿದಾಗ ಅಂಗಳ ನೋಡಿ ನನಗೆ ಹೆಮ್ಮೆಯಾಯಿತು ಅಂದರೆ ನಗಬೇಡಿ.

ತಮ್ಮ ಅಧಿಕಾರಿಣಿ ಬಿಳಿ ಕೈಗವಸು ತೊಟ್ಟು ಬಂದರು. ಸುತ್ತ ನೋಡಿ, ‘ವಾಸನೆ ಅಷ್ಟೇನೂ ಇಲ್ವಲ್ಲ?’ ಎಂದರು.

‘ತೊಳ್ದಿದೀವಲ್ಲ ಮೇಡಂ!’ ನಾನು ಎಲ್ಲರಿಗಿಂತ ಮುಂದೆ ನಿಂತು ಹೇಳಿದೆ.

‘ಯಾರು ತೊಳ್ದಿದ್ದು?’

‘ನಾವೇ. ಬೀದಿಯೋರೆಲ್ಲ ಸೇರ್ಕೊಂಡು.’

ಅವರು ಬರೆಯುವುದನ್ನು ನಿಲ್ಲಿಸಿದರು. ‘ಅಯ್ಯೋ, ಯಾಕಮ್ಮಾ ಮುಟ್ಟೋಕೆ ಹೋದ್ರಿ?’ ಎಂದರು. ನಮ್ಮ ಕೈ ಕೊಳೆಯಾಯಿತಲ್ಲ ಎಂದು ಮರುಗುತ್ತಿದ್ದಾರೆ ಅಂದುಕೊಂಡು ನಾನು, ‘ಪರವಾಗಿಲ್ಲ ಬಿಡಿ’ ಎಂದು ಸಮಾಧಾನ ಹೇಳಿದೆ.

ಆಮೇಲೆ ತಮ್ಮ ಉತ್ತರ ಬಂತು. ಬಂದು ಸೇರಿದ ದೇಶದಲ್ಲಿ ವಿಂಗಡಣೆಗೊಂಡು, ಶುಚಿಗೊಂಡು, ಮರಳಿ ಚೀಲ ಸೇರಿದ ತ್ಯಾಜ್ಯವನ್ನು ಆ ದೇಶ ಸ್ವೀಕರಿಸಿ ಸಂಸ್ಕರಿಸಿದೆ ಎಂದೇ ಪರಿಗಣಿಸಬೇಕಂತೆ. ಆದ್ದರಿಂದ ಕಳಿಸಿದ ದೇಶಕ್ಕೆ ಅದನ್ನು ಮರಳಿ ಪಡೆಯುವ ಬಾಧ್ಯತೆ ಇಲ್ಲವಂತೆ. ಆಹಾ, ಎಂಥ ನ್ಯಾಯ! ಈ ನಿಯಮ ನನಗೆ ಮೊದಲೇ ಗೊತ್ತಿರಬೇಕಿತ್ತು ಸ್ವಾಮಿ. ತೊಳೆದದ್ದೆಲ್ಲ ತೊಳೆದವರಿಗೆ ಸೇರುವುದಾದರೆ ಈ ಊರಿನ ಅರ್ಧ ಜನರ ಕೋಟು ಇವತ್ತು ನನ್ನ ಬೀರುವಿನಲ್ಲಿರುತ್ತಿತ್ತು. ತಮ್ಮ ಸಭೆಗಳ ಮೇಜುಬಟ್ಟೆಗಳನ್ನೂ ಒಮ್ಮೆ ಒಗೆಯಲು ಕಳಿಸಿಕೊಡಿ, ನೋಡೋಣ.

ಒಪ್ಪಂದಗಳೇ ಬೇಡ ಎನ್ನುವವಳಲ್ಲ ನಾನು. ಹಡಗಿನಲ್ಲಿ ಬರುವ ಅನ್ಯಾಯವನ್ನು ನಮ್ಮ ನಗರಸಭೆ ಒಂಟಿಯಾಗಿ ತಡೆಯಲಾರದು, ನಾಲ್ಕು ದೇಶ ಒಟ್ಟಿಗೆ ಕೂರಲೇಬೇಕು ಎಂಬುದು ನನ್ನಂಥವಳಿಗೂ ಅರ್ಥವಾಗುತ್ತದೆ. ಆದರೆ ಕೂತು ಮಾಡುವುದೇನು? ತಮ್ಮ ಸಮಿತಿಯಲ್ಲಿ ಯಾವ ತೀರ್ಮಾನಕ್ಕೂ ಎಲ್ಲ ದೇಶಗಳ ಒಮ್ಮತ ಬೇಕಂತೆ. ಅಂದರೆ ಕಸ ಕಳಿಸಿದವರೂ ಕೈ ಎತ್ತಿದರೆ ಮಾತ್ರ ಕಸ ಕಳಿಸಿದ್ದು ತಪ್ಪು! ಲೋಕದಲ್ಲಿ ಇನ್ಯಾವ ಪಂಚಾಯಿತಿಯಲ್ಲಾದರೂ ಕಳ್ಳನ ಅನುಮತಿ ಪಡೆದು ಕಳ್ಳತನವನ್ನು ನಿರ್ಧರಿಸುತ್ತಾರೆಯೇ? ಪ್ರತಿ ಸಭೆಯ ಕೊನೆಗೆ ‘ತೀವ್ರ ಕಳವಳ’ ವ್ಯಕ್ತಪಡಿಸುತ್ತೀರಿ, ಸಂತೋಷ. ಆ ಕಳವಳವನ್ನು ನಾನು ಎಲ್ಲಿ ಒಣಹಾಕಲಿ?

ಉತ್ತರ ಓದಿದ ಸಿಟ್ಟಿಗೆ ತಮ್ಮ ಕಾರ್ಯಾಲಯಕ್ಕೇ ಫೋನು ಮಾಡಿದೆ. ಬಹಳ ವಿನಯದ ಒಬ್ಬ ಗುಮಾಸ್ತ ಮಾತಾಡಿದರು. ‘ಮೇಲ್ಮನವಿ ಹಾಕ್ಬಹುದಮ್ಮಾ. ಆದ್ರೆ ಸಾಲು ದೊಡ್ಡದಿದೆ. ಪಕ್ಕದಲ್ಲಿ ಎಷ್ಟು ಕುಟುಂಬ ವಾಸ ಇದಾವೆ ಅನ್ನೋದರ ಮೇಲೆ ನಿಮ್ಮ ಸರದಿ ಬರುತ್ತೆ.’

‘ಇರೋರೆಲ್ಲ ಬಿಟ್ಟು ಹೋಗ್ತಿದಾರಲ್ಲಪ್ಪಾ!’

‘ಅಯ್ಯೋ, ಎಲ್ರೂ ಹೋದ್ರೆ ಕಷ್ಟ. ಬಾಧಿತರು ಯಾರೂ ಇಲ್ಲ ಅಂತ ಪ್ರಕರಣ ಮುಚ್ಚಿಬಿಡ್ತಾರೆ.’

ಮಾನ್ಯರೇ, ಆ ಮಾತು ಕೇಳಿದಾಗಿನಿಂದ ನನಗೆ ನಿದ್ದೆಯಿಲ್ಲ. ಕ್ರೇನ್ ಮಾವ ಉಬ್ಬಸ ತಾಳಲಾರದೆ ಮಗಳ ಮನೆಗೆ ಹೋಗಿಯಾಯಿತು. ಆಚೆಬದಿಯವರು ಬಾಗಿಲಿಗೆ ಹಲಗೆ ಹೊಡೆದು ಹೋದರು. ಬೇಲಿಯ ಉದ್ದಕ್ಕೂ ಈಗ ದೀಪ ಹಚ್ಚುವವಳು ನಾನೊಬ್ಬಳೇ. ಬಿಟ್ಟುಹೋದವರ ಮನೆಗಳು ಬಾಡಿಗೆಯವಲ್ಲ, ಬೆವರು ಸುರಿಸಿ ಕಟ್ಟಿಕೊಂಡವು. ಕಸ ಹೋದ ದಿನ ಮರಳಿ ಬರುತ್ತೇವೆ ಎಂದು ಕೀಲಿಕೈಗಳನ್ನು ನನ್ನ ಕೈಗೇ ಕೊಟ್ಟಿದ್ದಾರೆ.

ನಿನ್ನೆ ಮಗ ಬಂದಿದ್ದ. ಊರಿನ ಆ ತುದಿಯಲ್ಲಿ ಮನೆ ನೋಡಿದ್ದಾನೆ, ಗಾಳಿ ಬೆಳಕು ಚೆನ್ನಾಗಿದೆಯಂತೆ. ‘ಸಾಕು ಬಾಮ್ಮಾ. ಅಂಗಡಿ ಎಲ್ಲಿ ಬೇಕಾದ್ರೂ ಇಡಬಹುದು. ಮಗೂಗೆ ನೀನು ಬೇಕು’ ಎಂದ. ನಾನು ನಿಮ್ಮ ಗುಮಾಸ್ತರ ಮಾತು ಹೇಳಿದೆ. ಅವನು ತಲೆಯ ಮೇಲೆ ಕೈ ಹೊತ್ತು ಕೂತ. ‘ಅಂದ್ರೆ ಅವರ ಲೆಕ್ಕಕ್ಕೋಸ್ಕರ ನೀನಿಲ್ಲಿ ಕೆಮ್ಕೊಂಡು ಕೂತಿರ್ಬೇಕಾ?’ ಎಂದು ಕೂಗಿದ. ಆ ಪ್ರಶ್ನೆಯನ್ನು ಹಾಗೆಯೇ ತಮಗೆ ದಾಟಿಸುತ್ತಿದ್ದೇನೆ.

ಕಂಟೇನರ್‌ಗಳನ್ನು ಎಲ್ಲಿಂದ ಬಂದವೋ ಅಲ್ಲಿಗೇ ಕಳಿಸಿ ಎಂಬುದು ನನ್ನ ಬೇಡಿಕೆ. ಅದಕ್ಕೆ ಒಮ್ಮತ, ಉಪಸಮಿತಿ, ಇನ್ನೊಂದು ಸಮ್ಮೇಳನ ಎಲ್ಲ ಬೇಕೆನ್ನುವುದಾದರೆ, ಅಲ್ಲಿಯವರೆಗೆ ತಮ್ಮೊಬ್ಬರ ಕೈಯಲ್ಲೇ ಆಗುವ ಒಂದು ಕೆಲಸ ಮಾಡಿಕೊಡಿ. ನಾನು ಈ ಮನೆ ಬಿಟ್ಟು ಹೋದರೂ ನಮ್ಮ ದೂರು ಜೀವಂತವಾಗಿರುತ್ತದೆ ಎಂದು ಒಂದು ಸಾಲು ಬರೆದು, ಕೆಳಗೆ ಸಹಿ ಹಾಕಿ ಕಳಿಸಿ. ಬೇಗ ಕಳಿಸಿ. ಮಗುವಿಗೆ ಈಗ ಕತ್ತು ನಿಂತಿದೆಯಂತೆ. ನಾನು ಅವಳನ್ನು ಇನ್ನೂ ಒಂದು ಸಲವೂ ಎತ್ತಿಕೊಂಡಿಲ್ಲ.

ಇಂತಿ,
ತಮ್ಮ ಕಡತದಲ್ಲಿ ಬಾಧಿತ ಕುಟುಂಬ ಒಂದು ಎಂದು ನಮೂದಾಗಲೆಂದೇ ಉಳಿದಿರುವ,
ಬಂದರಿನ ಹಿಂಬದಿ ಬೀದಿಯ ಲಾಂಡ್ರಿಯವಳು