ಕೂಸಿಗೆ ಹೇಳಿದ ಮಾತು

ಜನವರಿ 6, ಸೋಮವಾರ. ಜತ್ತ

ಬೆಳಿಗ್ಗೆ ಚಹಾಕ್ಕೆ ಸಕ್ಕರೆ ಹಾಕುವುದು ಮರೆತೆ. ಅತ್ತೆ ಮಲಕವ್ವ ನನಗೇನೂ ಅನ್ನಲಿಲ್ಲ. ಬೆಕ್ಕಿಗೆ ಅಂದರು: "ನೋಡವ್ವಾ, ಸಕ್ರಿ ತುಟ್ಟಿ ಆಗೇತಂತ ಕಾಣಸ್ತದ." ಮದುವೆಯಾಗಿ ಬಂದಾಗಿನಿಂದ ಹೀಗೇ. ಬೇಕಾದದ್ದು, ಬೇಡವಾದದ್ದು, ಬೈಗುಳ... ಎಲ್ಲ ಬೆಕ್ಕಿನ ಮೂಲಕ. ಬೆಕ್ಕುಗಳು ಬದಲಾಗಿವೆ, ಪದ್ಧತಿ ಬದಲಾಗಿಲ್ಲ. ಯಾರಿಗೆ ಬಿದ್ದ ಮಾತು ಅಂತ ತಿಳಿಯದಷ್ಟು ದಡ್ಡಿಯಲ್ಲ ನಾನು. ಸಕ್ಕರೆ ಹಾಕಿ ಕೊಟ್ಟೆ.

ಕಾಲೇಜಿನಲ್ಲಿ ಮೀಟಿಂಗ್. ಫೆಬ್ರುವರಿ ಹತ್ತಕ್ಕೆ ಪುಣೆಯಿಂದ ಕಮಿಟಿ. ನಮ್ಮ ಎಂ.ಎ. ಕುಟುಂಬ ಆಪ್ತಸಮಾಲೋಚನೆ ಕೋರ್ಸಿನ ವಿದ್ಯಾರ್ಥಿಗಳು ನಿಜಕ್ಕೂ ಏನಾದರೂ ಕಲಿತಿದ್ದಾರಾ... ಪುರಾವೆ ಬೇಕಂತೆ. ಒಬ್ಬೊಬ್ಬರದೂ ಒಂದು ಮುಗಿದ ಕೇಸ್, ಅದಕ್ಕೆ ನಾನು ಹಾಕಿದ ಮಾರ್ಕು. ಮುಖ್ಯಸ್ಥ ಶಿವಪುತ್ರ ಸರ್: "ನಂದಾ ಮೇಡಂ, ಮುಗಿದ ಕೇಸ ಬೇಕ್ರಿ. ಅರ್ಧಮರ್ಧ ನಡಿಯೂದಿಲ್ಲ."

ಗಂಡ ಹೆಂಡಿರು ಕಮಿಟಿಯ ತಾರೀಖು ನೋಡಿಕೊಂಡು ರಾಜಿಯಾಗುತ್ತಾರೆ ಅಂದುಕೊಂಡಿದ್ದಾರೆ ಪುಣ್ಯಾತ್ಮ.

ಜನವರಿ 9, ಗುರುವಾರ

ವಿದ್ಯಾರ್ಥಿಗಳ ಫೈಲುಗಳನ್ನು ನೋಡಿದೆ. ಎಲ್ಲದರಲ್ಲೂ ಗಂಡ ಕುಡಿತ ಬಿಟ್ಟಿದ್ದಾನೆ, ಹೆಂಡತಿ ತಿಳಿದುಕೊಂಡಿದ್ದಾಳೆ. ಒಬ್ಬರದು ನೋಡಿ ಒಬ್ಬರು ಬರೆದದ್ದು. ಉಮದಿ ಊರಿನ ಹುಡುಗಿ ಪ್ರಣಾಲಿಯದು ಮಾತ್ರ ಮನುಷ್ಯರು ಮಾತಾಡಿದಂತಿದೆ. ಜನ ಆಡಿದ್ದನ್ನು ಕನ್ನಡದಲ್ಲೇ ಬರೆದು, ಕೆಳಗೆ ಪುಣೆಯವರಿಗೆ ತಿಳಿಯಲೆಂದು ಮರಾಠಿ ಮಾಡಿದ್ದಾಳೆ.

ಕೇಸ್: ರೂಪಾಲಿ. ತವರು ಕುಣಿಕೋಣೂರ, ಗಂಡನ ಮನೆ ಉಟಗಿ. ಗಂಡ ಈಶ್ವರ ಹೊಡೆಯುತ್ತಿದ್ದ. ಹೆರಿಗೆಗೆ ಬಂದವಳು ತವರಲ್ಲೇ ಉಳಿದಳು. ಈಗ ಕರೆಯಲು ಬಂದಿದ್ದಾನೆ, ಇನ್ನು ಕೈ ಎತ್ತುವುದಿಲ್ಲ ಅಂತ ಹಿರಿಯರ ಮುಂದೆ ಆಣೆ ಮಾಡಿದ್ದಾನೆ. ಹೋಗಲು ಒಪ್ಪಿಗೆಯಾ ಅಂತ ಪ್ರಣಾಲಿ ಕೇಳಿದಾಗ ರೂಪಾಲಿ, "ಹೂಂರಿ." ಆಮೇಲೆ ತೊಡೆಯ ಮೇಲಿನ ಕೂಸಿಗೆ ಅದರ ಅಜ್ಜಿಯನ್ನು ತೋರಿಸಿ ಅಂದಳಂತೆ: "ಆಯಿ ಕೈಲೆ ಉಣ್ಣೂದ ಕಲಿ ಕೂಸ. ಅಲ್ಲಿ ಹೋದಮ್ಯಾಲ ನಿಮ್ಮವ್ವ ಎಷ್ಟ ದಿನ ಉಣಸ್ತಾಳೋ."

ಈ ಸಾಲಿನ ಕೆಳಗೆ ಪ್ರಣಾಲಿ ಗೆರೆ ಎಳೆದಿದ್ದಾಳೆ. ಪಕ್ಕದಲ್ಲಿ: ಜೀವಕ್ಕೆ ಅಪಾಯ. ಕಳಿಸಬಾರದು.

ಕರೆಸಿ ಕೇಳಿದೆ. "ಕೂಸು ಕಾಡಿರ್ತದ, ಏನೋ ಅಂದಿರ್ತಾಳ. ಅದರಾಗ ಅಪಾಯ ಎಲ್ಲಿ ಬಂತು?"

"ಮೇಡಂ, ಆಕಿ ಕೂಸಿಗಿ ಹೇಳಿಲ್ರಿ. ಮಾವ ಎದರಿಗಿ ಕುಂತಿದ್ದ, ಗಂಡ ಬಾಜೂಕ. ನಮಗ ಹೆಂಗ ಹೇಳಬೇಕ್ರಿ ಆಕಿ? ಒಬ್ಬಾಕಿನ್ನ ಒಂದ ಸಲ ಭೆಟ್ಟಿ ಆಗಿ ಕೇಳ್ತೀನ್ರಿ."

ಇನ್ನೊಂದು ಭೇಟಿ ಅಂದರೆ ಇನ್ನೆರಡು ವಾರ. ಸಂಕ್ರಾಂತಿ ಬೇರೆ. ಕಳಿಸುವ ದಿನ ಮುಂದೆ ಹೋದರೆ ಫೈಲು ಮುಗಿಯುವುದಿಲ್ಲ. ಬೇಡ ಅಂದೆ.

'ಅಪಾಯ ಗುರುತಿಸುವಿಕೆ' — ಐದಕ್ಕೆ ಒಂದು. ಷರಾ ಬರೆದೆ: 'ಬರೀ ಊಹೆ. ಕ್ಲಾಯಂಟ್ ನೇರವಾಗಿ ಹೇಳಿಲ್ಲ. ವಿದ್ಯಾರ್ಥಿನಿ ಒಂದು ಪಕ್ಷ ಹಿಡಿದಿದ್ದಾಳೆ.' ಪ್ರಣಾಲಿ ಓದಿದಳು, ಎಳೆದ ಗೆರೆ ಅಳಿಸದೆ ಫೈಲು ಮುಚ್ಚಿದಳು. ಹಟಮಾರಿ ಹುಡುಗಿ.

ಮನೆಗೆ ಬಂದಾಗ ಅತ್ತೆ ಬೆಕ್ಕಿಗೆ: "ಯಾರೋ ಮಾರಿ ಗಂಟ ಹಾಕ್ಕೊಂಡ ಬಂದಾರವ್ವಾ, ದೂರ ಸರಿ." ನಗು ಬಂತು.

ಜನವರಿ 16, ಗುರುವಾರ

ಕುಣಿಕೋಣೂರಿಗೆ ಹೋಗಿದ್ದೆ. ಕೊನೆಯ ಭೇಟಿ, ನಾನೂ ಕೂತು ನೋಡಬೇಕೆಂಬ ನಿಯಮ. ರೂಪಾಲಿಯ ಅಪ್ಪ ಮುರಗೆಪ್ಪ ಜಮಖಾನೆ ಹಾಸಿದ್ದ. ಪ್ರಣಾಲಿ ನಾನು ಹೇಳಿಕೊಟ್ಟ ಹಾಗೇ ನಡೆಸಿದಳು. ಎರಡೂ ಕಡೆಗೆ ಸಮನಾಗಿ ನೋಡಿದಳು, ಸಮನಾಗಿ ಕೇಳಿದಳು. ರೂಪಾಲಿ ಎಲ್ಲದಕ್ಕೂ ಹೂಂ ಅಂದಳು.

ಹೊರಡುವಾಗ ಉಡಿ ತುಂಬಬೇಕು. ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಕಣ. ತುಂಬಿದ ಮೇಲೆ ಮಗಳು ಹೋಗುವುದಿಲ್ಲ ಅನ್ನುವ ಹಾಗಿಲ್ಲ. ಅವಳ ತಾಯಿ ರುಕ್ಮವ್ವ ನನ್ನ ಕೈಗೇ ತಾಟು ಕೊಟ್ಟಳು. "ಬಾಯಾರ, ನೀವ ತುಂಬ್ರಿ. ನಿಮ್ಮಿಂದನ ಮನಿ ಕೂಡೇತಿ."

ತುಂಬಿದೆ. ಸೆರಗು ಹಿಡಿದ ಅವಳ ಕೈ ತಣ್ಣಗಿತ್ತು. ಚಳಿಗೆ ಅಂದುಕೊಂಡೆ. ಜೀಪು ಹೋಯಿತು. ಕೇಸ್ ಮುಗಿಯಿತು.

ಜನವರಿ 17

ಶಿವಪುತ್ರ ಸರ್‌ಗೆ ಖುಷಿಯೋ ಖುಷಿ. "ವಿದ್ಯಾರ್ಥಿ ತಪ್ಪಿದ್ದು, ನೀವು ತಿದ್ದಿದ್ದು, ಆಕಿ ಸುಧಾರಿಸಿದ್ದು. ಕಮಿಟಿ ಮುಂದ ಇದ ಫೈಲ ಮೊದಲ ಇಡೂಣ್ರಿ." ನನಗೂ ಒಳಗೊಳಗೆ ಹಿಗ್ಗು. ಯಾಕೆ ಸುಳ್ಳು ಬರೆಯಲಿ.

ಫೆಬ್ರುವರಿ 3, ಸೋಮವಾರ

ರೂಪಾಲಿ ಹೋದಳು.

ಉಟಗಿಯಲ್ಲಿ, ನಿನ್ನೆ. ವಿಷ ತೆಗೆದುಕೊಂಡಿದ್ದಾಳೆ. ದವಾಖಾನೆ ಮುಟ್ಟಲಿಲ್ಲ. ಈಶ್ವರ ವಾರದಿಂದ ಮತ್ತೆ ಹೊಡೆಯುತ್ತಿದ್ದನಂತೆ. ಅವನನ್ನು ಪೊಲೀಸರು ಒಯ್ದಿದ್ದಾರೆ. ಕೂಸನ್ನು ಮುರಗೆಪ್ಪ ಕುಣಿಕೋಣೂರಿಗೆ ತಂದಿದ್ದಾನೆ.

ಪ್ರಣಾಲಿ ಫೋನು ಮಾಡಿ ಇಷ್ಟು ಹೇಳಿದಳು. ನಾ ಹೇಳಿದ್ದೆ ಅಂತ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡುತ್ತಿದ್ದೆ.

ಫೆಬ್ರುವರಿ 5

ಮಣ್ಣಿಗೆ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ.

ಬೆಕ್ಕಿನ ಮಾತು ತಿಳಿಯುತ್ತದೆ ನನಗೆ. ಸಕ್ಕರೆಯ ಮಾತು ಕೂಡ ತಿಳಿಯುತ್ತದೆ. ದಿನಾ ಬೆಳಿಗ್ಗೆ ಇದೇ ಮನೆಯಲ್ಲಿ ಕೇಳಿ, ತಿಳಿದುಕೊಂಡು, ಉತ್ತರ ಕೊಟ್ಟು ಕಾಲೇಜಿಗೆ ಹೋಗಿ — 'ನೇರವಾಗಿ ಹೇಳಿಲ್ಲ' ಅಂತ ಬರೆದವಳು ನಾನು. ಸೊಸೆಯಾದವಳು ಮಾವನ ಮುಂದೆ ನೇರವಾಗಿ ಹೇಳುತ್ತಾಳಾ? ನಾನು ಹೇಳಿದ್ದೆನಾ ಎಂದಾದರೂ?

ಎರಡು ದಿನದಿಂದ ಊಟ ಸೇರುತ್ತಿಲ್ಲ. ಅತ್ತೆ ಬಂದು ಹಾಸಿಗೆಯ ಅಂಚಿಗೆ ಕೂತರು. ಬೆಕ್ಕು ಅಲ್ಲೇ ಇತ್ತು. ಅದರ ಕಡೆ ನೋಡಲಿಲ್ಲ. "ನಂದಾ, ಏಳವ್ವಾ. ಒಂದೀಟ ಉಣ್ಣು."

ಮೊದಲ ಸಲ. ಅತ್ತುಬಿಟ್ಟೆ.

ಫೆಬ್ರುವರಿ 7

ಸರ್ ಕೋಣೆಗೆ ಹೋಗಿ ಆ ಫೈಲು ಇಡಬೇಡಿ ಅಂದೆ. ಮಾರ್ಕು ನಂದು ತಪ್ಪು, ತಿದ್ದುತ್ತೇನೆ ಅಂದೆ.

"ಆಗಿದ್ದು ವಾಯಿಟ, ಭಾಳ ಕೆಟ್ಟ ಆತ್ರಿ. ಆದರ ಅದು ಬ್ಯಾರೆ, ಮಾರ್ಕ ಬ್ಯಾರೆ. ಈಗ ತಿದ್ದಿದ್ರ ಕಾಲೇಜ ಮ್ಯಾಲ ಬರ್ತದ. ಮುಗಿದ ಕೇಸ ಇಲ್ದ ಆ ಹುಡಿಗೀದೂ ವರ್ಷ ಹೋಗ್ತದ." ಫೈಲು ಅವರ ಮೇಜಿನ ಮೇಲೇ ಬಿಟ್ಟು ಬಂದೆ. ಹುಡುಗಿಯ ಹೆಸರು ಹೇಳಿ ನನ್ನ ಬಾಯಿ ಕಟ್ಟಿದರು. ಕಟ್ಟಿಸಿಕೊಂಡೆ.

ಫೆಬ್ರುವರಿ 10, ಸೋಮವಾರ. ಸಂಜೆ

ಕಮಿಟಿ ಬಂದು ಹೋಯಿತು. ಪುಣೆಯ ಮೇಡಂ ಒಳ್ಳೆಯವರೇ. ರೂಪಾಲಿಯ ಸಾವು ಬರೆಯದ ಆ ಫೈಲು ಓದಿ ಪ್ರಣಾಲಿಯನ್ನು ಕರೆಸಿದರು. ಮರಾಠಿಯಲ್ಲಿ, ಪ್ರೀತಿಯಿಂದಲೇ ಕೇಳಿದರು: ಈ ತಪ್ಪಿನಿಂದ ಏನು ಕಲಿತೆಯಮ್ಮಾ?

ಪ್ರಣಾಲಿ ನನ್ನ ಕಡೆ ನೋಡಲಿಲ್ಲ. ಚೊಕ್ಕ ಮರಾಠಿಯಲ್ಲಿ ಅಂದಳು: "ಹೆಂಗಸು ನೇರವಾಗಿ ಹೇಳದಿದ್ದನ್ನು ಕೇಳಿಸಿಕೊಳ್ಳಬಾರದು ಎಂದು ಕಲಿತೆ."

ಮೇಡಂ ತಲೆಯಾಡಿಸಿ ಟಿಕ್ ಹಾಕಿದರು. ಕಲಿಕೆ ಆಗಿದೆ.

ಏಳಬೇಕಿತ್ತು. ಇವಳು ಸರಿಯಿದ್ದಳು, ಕೇಳಿಸಿಕೊಂಡಿದ್ದಳು, ಹಾಗೆ ಕೇಳುವುದನ್ನು ನಾನು ಬಿಡಿಸಿದೆ ಅನ್ನಬೇಕಿತ್ತು. ಸರ್ ಚಹಾ ತರಿಸಿದರು. ಕುಡಿದೆ.

ಫೆಬ್ರುವರಿ 23, ಭಾನುವಾರ

ಪ್ರಣಾಲಿ ಮನೆಗೆ ಬಂದಿದ್ದಳು. ಪರೀಕ್ಷೆಯ ಅರ್ಜಿಗೆ ನನ್ನ ಸಹಿ ಬೇಕಿತ್ತು. ಅತ್ತೆ ಚಹಾ ಕೊಟ್ಟರು. ಕುಣಿಕೋಣೂರಿನಿಂದಲೇ ನೇರ ಬಂದಿದ್ದಾಳೆ, ಚಪ್ಪಲಿ ತುಂಬ ಧೂಳು. ಕೂಸು ಹೇಗಿದೆ ಅಂತ ಕೇಳದೆ ಪೆನ್ನು ಹುಡುಕಿದೆ.

ಸಹಿ ಮಾಡಿ ಕೊಟ್ಟೆ. ಹೊರಟಳು. ಹೊಸ್ತಿಲಲ್ಲಿ ಬೆಕ್ಕು ಮಲಗಿತ್ತು. ಬಗ್ಗಿ ಅದರ ತಲೆ ಸವರಿದಳು. ನನ್ನ ಕಡೆ ಬೆನ್ನು.

"ಕೂಸು ಆಯಿ ಕೈಲೆ ಉಣ್ಣಾಕ ಕಲ್ತದ ನೋಡವ್ವಾ," ಅಂದಳು ಬೆಕ್ಕಿಗೆ.

"ಪ್ರಣಾಲಿ," ಅಂದೆ, "ನನಗ ಹೇಳು. ನನ್ನ ನೋಡಿ ಹೇಳು."

ತಿರುಗಿದಳು. ನೋಡಿದಳು. ಆಮೇಲೆ, "ಆಕಿ ಹೇಳಿದ್ದು ಕೂಸಿಗಿ ತಿಳೀತ್ರಿ ಮೇಡಂ, ನಿಮಗ ತಿಳೀಲಿಲ್ಲ," ಅಂದು ಹೊಸ್ತಿಲು ದಾಟಿದಳು.