ಕನ್ಸೊಲಾತಾಳ ಇಗರ್ಜಿ

೧೪ ಮೇ ೧೯೯೫, ಭಾನುವಾರ. ನೈರೋಬಿ.

ತಲೆ ಕೆಟ್ಟುಹೋಗಿದೆ. ಹೆರಿಗೆ ಮನೆಯಲ್ಲೇ ಆಗಬೇಕು, ಅದಕ್ಕೆ ಕನ್ಸೊಲಾತಾಳೇ ಬೇಕೆಂದು ಸೊಸೆ ಸೆವ್ರಿನ್ ಹಟ ಹಿಡಿದಿದ್ದಾಳೆ. ಆ ಹೆಂಗಸು ಹೋದ ವರ್ಷದ ಹತ್ಯಾಕಾಂಡದಲ್ಲಿ ರುವಾಂಡಾದಿಂದ ಓಡಿಬಂದವಳು. ಅಲ್ಲಿ ಹೆರಿಗೆ ನರ್ಸ್ ಆಗಿದ್ದಳಂತೆ. ಇಲ್ಲಿ ಲೈಸೆನ್ಸ್ ಇಲ್ಲ, ದೇಶದಲ್ಲಿ ಇರಲಿಕ್ಕೇ ಕಾಗದವಿಲ್ಲ.

"ಲೈಸೆನ್ಸ್ ಕೊಡದಿದ್ರೆ ಅದು ಅವಳ ತಪ್ಪಾ ಪಪ್ಪಾ?" ಎಂದಳು ಸೆವ್ರಿನ್.

"ಕಾಗದ ಇಲ್ಲದವರಿಗೆಲ್ಲ ಕೊಟ್ರೆ ನಾಳೆ ಹಂದಿ ಕಡಿಯುವವನೂ ಡಾಕ್ಟರ್ ಆಗ್ತಾನೆ!"

ನಮ್ಮ ಮಂಗಳೂರಿನಿಂದ ಬಂದ ಡಾಕ್ಟರುಗಳನ್ನು ನಾನು ಕೇಳುವುದು ಇಷ್ಟೇ: ಯಾವ ಇಗರ್ಜಿ, ಯಾರ ಮಗ? ಸರ್ಟಿಫಿಕೇಟು ಕೇಳಿದವನಲ್ಲ. ಇವತ್ತು ಬಲಿಪೂಜೆ ಮುಗಿದ ಮೇಲೆ ಕನ್ಸೊಲಾತಾಳನ್ನೂ ಸ್ವಾಹಿಲಿಯಲ್ಲಿ ಹಾಗೇ ಕೇಳಿದೆ. ಇಗರ್ಜಿಯ ಹೆಸರು ಹೇಳಿದಳು. ಅಲ್ಲಿನ ಪಾದ್ರಿಗೆ ಬರೆದು ವಿಚಾರಿಸುತ್ತೇನೆ ಎಂದೆ.

"ಪಾದ್ರಿಯೂ ಉಳಿದಿಲ್ಲ, ಇಗರ್ಜಿಯೂ ಉಳಿದಿಲ್ಲ. ಹೆರಿಗೆ ಬಗ್ಗೆ ಕೇಳಿ ಬಾಬಾ, ಹೇಳ್ತೇನೆ."

ಏನು ಕೇಳುವುದು? ನನಗೇನು ಗೊತ್ತು? ಗೊತ್ತಿದ್ದವರು ಪರೀಕ್ಷೆ ಮಾಡಲಿ. ಪಾಸಾದರೆ ಲೈಸೆನ್ಸ್ ಕೊಡಲಿ, ಫೇಲಾದರೆ ಓಡಿಸಲಿ. ಎರಡೂ ಮಾಡದೆ ಸರಕಾರ ಇದನ್ನು ನನ್ನ ತಲೆಗೆ ಕಟ್ಟಿದೆ.

ಕಣ್ಣು ತಪ್ಪಿಸದೆ ಮಾತಾಡಿದಳು, ನಿಜ. ಸುಳ್ಳು ಹೇಳುವವರೂ ಹಾಗೇ ಮಾತಾಡುತ್ತಾರೆ.

ಹೆರಿಗೆಯ ದಿನ ಬಾಗಿಲ ಹೊರಗೆ ನಾನೇ ಕೂರುತ್ತೇನೆ. ಆಸ್ಪತ್ರೆಗೆ ಓಡಬೇಕಾಗಿ ಬಂದರೆ ಇರಲಿ ಎಂದು ಕಾರನ್ನು ಗೇಟಿನ ಕಡೆ ಮುಖ ಮಾಡಿಯೇ ನಿಲ್ಲಿಸುತ್ತೇನೆ.