ಭಾನುವಾರದ ಓವರ್‌ಟೈಮ್

ಅಪ್ಪಯ್ಯ,

ಮೊದಲು 'ಪ್ರೀತಿಯ' ಎಂದು ಬರೆದಿದ್ದೆ, ಆಮೇಲೆ ಹೊಡೆದು ಹಾಕಿದೆ. ಸಿಟ್ಟಿನಲ್ಲಿ ಕೂತು ಬರೆಯುವ ಕಾಗದಕ್ಕೆ ಅದೆಲ್ಲ ಯಾಕೆ? ನೀವು ಹೋಗಿ ನಾಲ್ಕು ವರ್ಷವಾಯಿತು. ಬದುಕಿದ್ದಾಗ ನಿಮ್ಮನ್ನು ಒಂದು ಕಡೆ ಕೂರಿಸಿ ಮಾತಾಡಿಸುವುದೇ ಕಷ್ಟ. ವಾರವಿಡೀ ಕಂಪನಿ, ಭಾನುವಾರ ಬಂದರೆ ಯಾರದೋ ಮದುವೆ ಮನೆ. ಈಗ ಎದ್ದು ಹೋಗುವ ಹಾಗಿಲ್ಲ, ಕೇಳಿ. ನಾನೂ ಆಫೀಸಿನ ಕೆಲಸ ಸಾಲದು ಅಂತ ಭಾನುವಾರಕ್ಕೊಂದು ಕೆಲಸ ಹಿಡಿದಿದ್ದೇನೆ. ಅದನ್ನು ಬಿಡಬೇಕೋ, ಇಟ್ಟುಕೊಳ್ಳಬೇಕೋ ಎಂಬ ಪ್ರಶ್ನೆ ಬಂದಿತ್ತು. ಯಾರನ್ನು ಕೇಳಲಿ? ಈ ರೋಗ ಹತ್ತಿಸಿದವರು ನೀವು.

ಎದುರು ಮನೆಯ ಮರಾಠಿ ಕಾಕು ಬಾಗಿಲಲ್ಲಿ ನಿಂತು ಕೇಳುತ್ತಿದ್ದದ್ದು ನೆನಪಿದೆಯಾ? 'ಭಾವೋಜಿ ರವಿವಾರಿ ಪಣ್ ಕಾಮಾಲಾ?', ಭಾನುವಾರವೂ ಕೆಲಸಕ್ಕಾ ಅಂತ. ಅಮ್ಮ ಕಣ್ಣು ಮಿಟುಕಿಸದೆ 'ಓವರ್‌ಟೈಮ್' ಎನ್ನುತ್ತಿದ್ದಳು. ಡೊಂಬಿವಲಿಯ ಬಣ್ಣದ ಕಂಪನಿಯಲ್ಲಿ ನೀವು ಸ್ಟೋರ್‌ಕೀಪರು. ಆರು ದಿನ ಮೂಗು ಉರಿಯುವ ಕೆಮಿಕಲ್ ವಾಸನೆ ಹೊತ್ತು ಬರುತ್ತಿದ್ದಿರಿ. ಏಳನೆಯ ದಿನ ಮಾತ್ರ ಇಂಗು, ತುಪ್ಪ, ಸೌದೆ ಹೊಗೆ. ಓವರ್‌ಟೈಮ್ ಮಾಡಿದವರ ಮೈಯಿಂದ ಇಂಗಿನ ಒಗ್ಗರಣೆ ಹೊಡೆಯುವ ಕಂಪನಿ ಇಡೀ ಭೂಮಿಯ ಮೇಲೆ ಅದೊಂದೇ ಇರಬೇಕು. ಐತಾಳರ ಅಡುಗೆ ತಂಡದಲ್ಲಿ ನೀವು ಕೂಲಿಗೆ ಬಡಿಸಲು ಹೋಗುತ್ತೀರಿ ಎಂದು ನಮ್ಮ ಮೂವರಿಗೆ ಗೊತ್ತಿತ್ತು. ನಾಲ್ಕನೆಯವರಿಗೆ ಗೊತ್ತಾಗಬಾರದಿತ್ತು.

ಯಾಕೆ ಗೊತ್ತಾಗಬಾರದು ಎಂದು ಚಿಕ್ಕವಳಿದ್ದಾಗ ಕೇಳಿ ಅಮ್ಮನಿಂದ ತಲೆಗೆ ಮೊಟಕಿಸಿಕೊಂಡಿದ್ದೆ. ನಮ್ಮ ಕುಂದಾಪುರದ ಕಡೆಯವರ ನ್ಯಾಯ ಎಷ್ಟು ಚಂದ ನೋಡಿ! ನೆಂಟರ ಮದುವೆಯಲ್ಲಿ ಪಂಚೆ ಎತ್ತಿ ಕಟ್ಟಿ ಬಕೆಟ್ಟು ಹಿಡಿದರೆ 'ಎಂಥ ಮನೆಯವರಂಥ ಜನ' ಅಂತ ಹೊಗಳಿಕೆ. ಅದೇ ಬಕೆಟ್ಟು, ಅದೇ ಸೌಟು, ಕೂಲಿಗೆ ಹಿಡಿದರೆ 'ಅಡುಗೆಯವನು'. ಗುರುತಿಸುವುದೂ ಸುಲಭ. ನೆಂಟ ಬಡಿಸಿ ಮುಗಿಸಿ ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ಉಣ್ಣುತ್ತಾನೆ. ಕೂಲಿಯವನು ಕೊನೆಗೆ, ಒಲೆಯ ಹಿಂದೆ, ಉಳಿದದ್ದನ್ನು ಉಣ್ಣುತ್ತಾನೆ.

ಕಾಲೇಜಿಗೆ ಸೇರಿದ ವರ್ಷ ನಾನು ಹಟ ಹಿಡಿದು ಕೇಳಿದೆ, ಭಾನುವಾರವಾದರೂ ಮನೆಯಲ್ಲಿ ಇರಬಾರದಾ ಎಂದು. ನೀವು ಚಪ್ಪಲಿ ಹಾಕಿಕೊಳ್ಳುತ್ತಾ, 'ಎಲ್ಲ ನಿನ್ನ ಮದುವೆಗೇ ಅಲ್ದಾ ಮಗಾ' ಎಂದಿರಿ. ಮುಗಿಯಿತು, ಅಮ್ಮನಿಗೆ ಕೈಗೆ ಕೋಲು ಸಿಕ್ಕಿದ ಹಾಗಾಯಿತು. ಒಂದು ಚೂಡಿದಾರ ಕೇಳಿದರೆ, ಗೆಳತಿಯರ ಜೊತೆ ಸಿನಿಮಾಕ್ಕೆ ಹೊರಟರೆ, ಕೊನೆಗೆ ಜ್ವರ ಬಂದು ಮಲಗಿದರೂ ಅದೇ ಮಾತು: 'ನಿನ್ನ ಮದುವೆಗಂತ ಅವ್ರು ಭಾನುವಾರವೂ ಸಾಯ್ತಾ ಇದ್ದಾರೆ.' ನಾನು ಹುಟ್ಟಿದ್ದೇ ನಿಮ್ಮ ರಜೆ ತಿನ್ನಲಿಕ್ಕೆ ಅನ್ನುವ ಹಾಗೆ.

ಆಮೇಲೆ ಠಾಣೆಯ ಸಂಬಂಧ ಬಂತು. ಹುಡುಗ ಬ್ಯಾಂಕಿನಲ್ಲಿದ್ದ, ಕಡಿಮೆ ಮಾತಿನವನು, ನಕ್ಕರೆ ಚೆನ್ನಾಗಿದ್ದ. ನನಗೆ ಇಷ್ಟವಾಗಿದ್ದ ಅಪ್ಪಯ್ಯ, ಅದನ್ನು ನಿಮಗೆ ಯಾರೂ ಹೇಳಿರಲಿಲ್ಲ. ಮಾತುಕತೆ ಮುಗಿದು ನಿಶ್ಚಿತಾರ್ಥಕ್ಕೆ ದಿನ ನೋಡುತ್ತಿದ್ದರು. ಆ ನಡುವಿನ ಒಂದು ಭಾನುವಾರವಾದರೂ ನೀವು ಸುಮ್ಮನೆ ಮನೆಯಲ್ಲಿ ಬಿದ್ದುಕೊಂಡಿದ್ದರೆ... ಇಲ್ಲ, ಹೊರಟಿರಿ. ಅದೂ ಎಲ್ಲಿಗೆ? ಠಾಣೆಗೇ.

ಅಲ್ಲಿ ನಡೆದದ್ದನ್ನು ನೀವು ಬಾಯಿ ಬಿಟ್ಟು ಹೇಳಲಿಲ್ಲ. ಊಟಕ್ಕೆ ಹೋಗಿದ್ದ ಸುಬ್ಬಣ್ಣ ಮಾವ ಅದೇ ಸಂಜೆ ಮನೆಗೆ ಬಂದು ಅಮ್ಮನಿಗೆ ವರದಿ ಒಪ್ಪಿಸಿದ; ಅಕ್ಕನ ಮನೆ ಹಾಳಾದ ಸುದ್ದಿಯನ್ನು ಅಷ್ಟು ರುಚಿಯಾಗಿ ಹೇಳುವ ತಮ್ಮನನ್ನು ನಾನು ಬೇರೆಲ್ಲೂ ಕಂಡಿಲ್ಲ. ನೀವು ಪಲ್ಯ ಬಡಿಸುತ್ತಾ ಬರುವಾಗ ಎದುರು ಸಾಲಿನಲ್ಲಿ ಹುಡುಗನ ಅಪ್ಪ ಅಮ್ಮ ಕೂತಿದ್ದರಂತೆ. ಬಕೆಟ್ಟನ್ನು ಕಂಬದ ಹಿಂದಿಟ್ಟು, ಎತ್ತಿ ಕಟ್ಟಿದ ಪಂಚೆ ಇಳಿಸಿ, ಬೆವರು ಒರೆಸಿಕೊಂಡು, ಅವರ ಪಕ್ಕದ ಖಾಲಿ ಎಲೆಗೆ ಹೋಗಿ ಕೂತಿರಂತೆ. 'ಓ, ನೀವೂ ಬಂದಿದ್ದೀರಾ! ಇವರು ನಮಗೆ ಹತ್ತಿರದ ಸಂಬಂಧ' ಎಂದಿರಂತೆ. ಅವರೂ ನಂಬಿದ್ದರು. ಅನ್ನವೂ ಬಂತು. ಅಷ್ಟರಲ್ಲಿ ಅಡುಗೆಮನೆಯಿಂದ ಓಡಿ ಬಂದ ಐತಾಳರು, ಪಾಪ ಅವರಿಗೇನು ಗೊತ್ತು, ಇಡೀ ಹಾಲಿಗೆ ಕೇಳುವ ಹಾಗೆ ಕೂಗಿದರು: 'ಹ್ವಾಯ್ ರಾಮಣ್ಣ, ನೀವ್ ಎಂತಕ್ಕೆ ಇಲ್ಲ್ ಕೂಕಂಡ್ರಿ? ಸಾರ್ ಬಡ್ಸುಕೆ ಯಾರ್ ಬತ್ರ್?'

ಪಂಕ್ತಿ ಪೂರ್ತಿ ನಕ್ಕಿತಂತೆ. ನೀವು ಎದ್ದಿರಿ, ಕಲೆಸಿದ ಅನ್ನ ಎಲೆಯಲ್ಲೇ ಬಿಟ್ಟು. ಕೈ ತೊಳೆದು ಬಂದು ಅದೇ ಸಾಲಿಗೆ ಸಾರು ಬಡಿಸಿದಿರಿ. ಹುಡುಗನ ಅಮ್ಮ ಎಲೆಯ ಮೇಲೆ ಕೈ ಅಡ್ಡ ಹಿಡಿದು ಬೇಡ ಎಂದಳಂತೆ.

ಅಯ್ಯೋ ಅಪ್ಪಯ್ಯ, ಬುದ್ಧಿ ಎಲ್ಲಿಟ್ಟಿದ್ದಿರಿ? ಬಕೆಟ್ಟು ಕೈಯಲ್ಲೇ ಹಿಡಿದು, 'ಐತಾಳರಿಗೆ ಇವತ್ತು ಜನ ಕಮ್ಮಿ, ಕೈ ಜೋಡಿಸಿದೆ' ಎಂದಿದ್ದರೆ ಹೊಗಳುತ್ತಿದ್ದರು. ಕೂತದ್ದರಿಂದಲೇ ಎಲ್ಲ ಕೆಟ್ಟಿತು. ಮಾರನೆಯ ದಿನ ಫೋನು ಬಂತು. 'ಅಡುಗೆ ಕೆಲಸ ಕೀಳು ಅಂತ ನಾವು ಹೇಳುವುದಿಲ್ಲ, ಆದರೆ ಸುಳ್ಳು ಹೇಳಿದಿರಲ್ಲ' ಎಂದರು. ಎಂಥ ಮರ್ಯಾದಸ್ಥರು! ಸತ್ಯ ಹೇಳಿದ್ದರೆ ಮೊದಲ ದಿನವೇ ಬಾಗಿಲು ಹಾಕುತ್ತಿದ್ದ ಜನ. ನನ್ನ ಮದುವೆಗೆ ಅಂತ ನೀವು ಮಾಡಿದ ಕೆಲಸವೇ ನನ್ನ ಮದುವೆಯನ್ನು ನುಂಗಿತು, ನೀವು ಚಾಪೆಯ ಮೇಲೆ ಗೋಡೆಗೆ ಒರಗಿ ಕೂತೇ ಇದ್ದಿರಿ.

ನಾನು ಮಾತು ಬಿಡಬೇಕೆಂದಿರಲಿಲ್ಲ. ಒಂದು ವಾರದ ಕೋಪ ಅಷ್ಟೇ ಎಂದುಕೊಂಡಿದ್ದೆ. ಆದರೆ ಅದರ ಮುಂದಿನ ಭಾನುವಾರ ಬೆಳಗಾಗುವ ಮೊದಲು ಪಂಚೆಯ ಚೀಲ ಬಗಲಿಗೇರಿಸಿ ನೀವು ಮತ್ತೆ ಹೊರಟಿರಿ! ಯಾರ ಮದುವೆಗೆ ಸ್ವಾಮೀ ಇನ್ನು? ಬಾಗಿಲ ಸದ್ದಿಗೆ ಎದ್ದು ಕೂತ ನಾನು ಅವತ್ತಿನಿಂದ ಬಾಯಿ ಮುಚ್ಚಿದೆ. ಒಂದು ಕೋಣೆ, ಒಂದು ಅಡುಗೆಮನೆಯ ಆ ಬಿಲದಲ್ಲಿ ಐದು ವರ್ಷ, ನೀವು ಸಾಯುವ ತನಕ. 'ಅವಳಿಗೆ ಊಟಕ್ಕೆ ಹೇಳು' ಎಂದು ನೀವು ಅಮ್ಮನಿಗೆ, 'ಆಮೇಲೆ ಅನ್ನು' ಎಂದು ನಾನು ಅಮ್ಮನಿಗೆ. ಕ್ಷಮೆ ಕೇಳಲಿಕ್ಕೆ ಈ ಕಾಗದ ಬರೆಯುತ್ತಿಲ್ಲ. ಈಗಲೂ ಅದೇ ಪರಿಸ್ಥಿತಿ ಬಂದರೆ ಅದನ್ನೇ ಮಾಡುತ್ತೇನೆ.

ನೀವು ಹೋದ ದಿನವೂ ಭಾನುವಾರವೇ. ಲೈನಿನಲ್ಲಿ ಹಳಿ ರಿಪೇರಿಯ ಮೆಗಾ ಬ್ಲಾಕ್, ಗಾಡಿಗಳೆಲ್ಲ ತಡ, ಮುಂಬ್ರಾ ಸ್ಟೇಷನ್ನಿನಲ್ಲಿ ಎದೆ ಹಿಡಿದುಕೊಂಡು ಇಳಿದವರು ಪ್ಲಾಟ್‌ಫಾರಂ ಮೇಲೇ ಕೂತು ಹೋಗಿಬಿಟ್ಟಿರಿ. ಮನೆಗೆ ಪೊಲೀಸರ ಫೋನಿಗಿಂತ ಮೊದಲು ಬಂದದ್ದು ಐತಾಳರದು. ನಾನೇ ಎತ್ತಿದೆ. 'ಎಲೆ ಹಾಕಿ ಆಯ್ತ್, ಅಪ್ಪಯ್ಯ ಎಲ್ಲಿದ್ರ್?' ಎಂದು ರೇಗಿದರು. ನನಗೂ ರೇಗಿತು, 'ನನಗೇನು ಗೊತ್ತು' ಎಂದು ಇಟ್ಟೆ. ನಿಮ್ಮ ಬಗ್ಗೆ, ನೀವು ಬದುಕಿದ್ದೀರಿ ಎಂದುಕೊಂಡು, ನಾನು ಆಡಿದ ಕೊನೆಯ ಮಾತು ಅದು.

ಹದಿಮೂರನೆಯ ದಿನದ ಊಟಕ್ಕೆ ಐತಾಳರೇ ಅಡುಗೆಗೆ ಬಂದರು. ಬಡಿಸುವ ಇಬ್ಬರು ಕೈ ಕೊಟ್ಟಿದ್ದರು. ಜನ ಎಲೆಯ ಮುಂದೆ ಕೂತು ಕಾಯುತ್ತಿದ್ದಾರೆ, ಅನ್ನ ಆರುತ್ತಿದೆ; ನಾನು ಸೆರಗು ಸಿಕ್ಕಿಸಿ ಬಕೆಟ್ಟು ಎತ್ತಿಕೊಂಡೆ. ಯಾರೂ ಏನೂ ಅನ್ನಲಿಲ್ಲ, ಮನೆ ಮಗಳಲ್ಲವೇ. ಎಲ್ಲ ಮುಗಿದ ಮೇಲೆ ಐತಾಳರು ಎಲೆ ಅಡಿಕೆ ಮಡಿಸುತ್ತಾ ನನ್ನನ್ನೇ ನೋಡಿ, 'ಅಪ್ಪಯ್ಯನ ಕೈಯೇ ಬಂದಿತ್ತಲೆ ಹೆಣ್ಣೆ ನಿಂಗೆ' ಎಂದರು. ನಾನು ಸಿಡುಕಿದೆ. 'ನನ್ನ ಮದುವೆಗೆ ಅಂತ ನಿಮ್ಮ ಹಿಂದೆ ಬಂದು ಇದ್ದ ಮರ್ಯಾದೆಯನ್ನೂ ಕಳೆದುಕೊಂಡರು' ಎಂದೆ.

ಅವರು ಬಾಯಿಯ ರಸ ಉಗುಳಿ ಬಂದು ಹೇಳಿದರು: 'ಯಾರ್ ಹೇಳಿದ್ದ್ ನಿಂಗೆ? ನೀ ಹುಟ್ಟುಕ್ ಮುಂಚಿಂದ್ಲೂ ಬತ್ತಿದ್ರ್ ಮಾರಾಯ್ತಿ. ದುಡ್ಡಿಗಂತ ಬಂದ ಜನ ಅಲ್ಲ. ಠಾಣೆದ್ ಗಲಾಟೆ ಆದ್ಮೇಲೆ ನಾನೇ ಬೇಡ ಅಂದೆ. ಅಂದ್ರೂ ಬಂದ್ರ್.'

ನಾನು ಹುಟ್ಟುವ ಮೊದಲೇ ನನ್ನ ಮದುವೆಗೆ ದುಡಿಯುತ್ತಿದ್ದಿರಾ ಅಪ್ಪಯ್ಯ?

ಅವತ್ತು ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಹಾಗಾದರೆ ನಿಮಗೆ ಅದು ಬೇಕಿತ್ತು. ಕಂಪನಿಯಲ್ಲಿ ಮೂವತ್ತು ವರ್ಷ ನಿಮ್ಮನ್ನು 'ಏ ಸ್ಟೋರ್‌ವಾಲಾ' ಎಂದು ಕರೆದವರೇ ಎಲ್ಲ. ಪಂಕ್ತಿಯಲ್ಲಿ ಮಾತ್ರ ನೂರು ಜನ 'ರಾಮಣ್ಣ, ಇಲ್ಲಿ, ಇಲ್ಲಿ' ಎನ್ನುತ್ತಿದ್ದರು. ಅದರ ಆಸೆಗೆ ಹೋದಿರಿ. ಹೋಗಿ, ಬೇಡ ಎಂದವರು ಯಾರು? ನನಗೆ ಖುಷಿಯಾಗುತ್ತದೆ ಹೋಗುತ್ತೇನೆ ಎನ್ನಲಿಕ್ಕೆ ಬಾಯಿ ಇರಲಿಲ್ಲವಾ? ಅದನ್ನು ನನ್ನ ತಲೆಗೆ ಯಾಕೆ ಕಟ್ಟಿದಿರಿ?

ಮುಂದಿನ ತಿಂಗಳು ಐತಾಳರು ಮನೆಗೆ ಬಂದು, ನೆರೂಳಿನಲ್ಲಿ ದೊಡ್ಡ ಮದುವೆ ಇದೆ, ಊಟದ ಹಾಲು ನೋಡಿಕೊಳ್ಳಲು ಒಬ್ಬರು ಬೇಕು ಎಂದರು. 'ನಿನ್ ಬಾಯಿಗೆ ಹುಡ್ಗ್ರೆಲ್ಲ ಹೆದ್ರುತ್ವ್' ಎಂದು ನಕ್ಕರು. ತುರ್ಭೆಯ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ನನಗೆ ಪಕ್ಕಾ ನೌಕರಿ ಇದೆ, ನಿಮಗೆ ಗೊತ್ತು. ವಾರವಿಡೀ ಭಿವಂಡಿ ಗೋಡೌನುಗಳ ಬಿಲ್ಲು ನೋಡಿ ಕಂಪ್ಯೂಟರಿಗೆ ಕುಟ್ಟುವುದು. ನಾನು ಒಂದು ವಾರ ಹೋಗದಿದ್ದರೆ ಕುರ್ಚಿಗೂ ಗೊತ್ತಾಗುವುದಿಲ್ಲ. ಒಂದು ಸಲ ಎಂದು ಹೋದೆ. ಅಷ್ಟು ದೊಡ್ಡ ಹಾಲಿನಲ್ಲಿ ನಾನು ಕೈ ಎತ್ತಿದರೆ ಹುಳಿ ಹೊರಡುತ್ತದೆ, ಕೈ ಇಳಿಸಿದರೆ ನಿಲ್ಲುತ್ತದೆ. ಆ ಸಂಜೆ ಕಾಲು ಬಾತುಕೊಂಡು, ಮೈಯೆಲ್ಲ ಇಂಗು ನಾರುತ್ತಾ ಗಾಡಿಯಲ್ಲಿ ನಿಂತಿದ್ದಾಗ ಒಬ್ಬಳೇ ನಗುತ್ತಿದ್ದೆ. ನಿಮಗೂ ಹೀಗೇ ಆಗಿರಬೇಕು ಎಂದು ತಿಳಿದು ನಿಮ್ಮ ಮೇಲೆ ಮತ್ತೂ ಸಿಟ್ಟು ಬಂತು.

ಈ ವರ್ಷ ಕಲ್ಯಾಣ್ ಊರಿನಿಂದ ಒಂದು ಸಂಬಂಧ ಬಂತು. ಮೂವತ್ತನಾಲ್ಕರ ಹೆಣ್ಣಿಗೆ ಬಂದದ್ದೇ ಪುಣ್ಯ ಎಂದು ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಮೈಸೂರಿನ ಕಡೆಯವರು, ಹುಡುಗನಿಗೆ ಕಂಪ್ಯೂಟರ್ ಕೆಲಸ, ಮೊದಲ ಮದುವೆ ಮುರಿದುಹೋಗಿದೆ. ಸೀವುಡ್ಸ್ ಸ್ಟೇಷನ್ ಹತ್ತಿರ ಇಬ್ಬರೇ ಕೂತು ಕಾಫಿ ಕುಡಿದೆವು. ಭಾನುವಾರದ ಕೆಲಸದ ಬಗ್ಗೆ ನಾನೇ ಹೇಳಿದೆ. ಆತ ಒಳ್ಳೆಯ ಮನುಷ್ಯ, ಮುಖ ಗಂಟಿಕ್ಕಲಿಲ್ಲ. 'ಸಂಬಳ ಬರುತ್ತಲ್ರೀ. ಇದ್ದ ಒಂದು ರಜಾನೂ ಸುಟ್ಕೊಂಡು ಈ ಎಕ್ಸ್‌ಟ್ರಾ ಕೆಲಸ ಬೇಕಾ ನಿಮ್ಗೆ?' ಎಂದ. ಎರಡು ದಿನ ಬಿಟ್ಟು ಅವನ ತಾಯಿಯ ಫೋನು: ಹುಡುಗಿ ಒಪ್ಪಿಗೆ, ಆ ಬಡಿಸೋದೊಂದು ಬಿಟ್ಟರೆ.

ಅಮ್ಮ ನನ್ನ ಕಾಲು ಹಿಡಿಯುವುದೊಂದು ಬಾಕಿ. 'ಬಿಟ್ಟೆ ಅಂತ ಹೇಳು ಹೆಣ್ಣೇ, ಮದುವೆ ಆದ್ಮೇಲೆ ಹೋದ್ರೆ ಯಾರ್ ಕೇಂತ್ರ್? ಒಂದ್ ಸುಳ್ಳ್ ಹೇಳುಕೆ ಎಂತ ಬೇನೆ ನಿಂಗೆ?' ಎಂದಳು. ಎರಡು ರಾತ್ರಿ ನಿದ್ದೆ ಬರಲಿಲ್ಲ. ನನಗೆ ಮನೆ ಬೇಕಿತ್ತು ಅಪ್ಪಯ್ಯ, ಬೇಡವಾಗಿತ್ತು ಎಂದರೆ ಸುಳ್ಳು. ಸಂಜೆ ಬಾಗಿಲು ತೆಗೆಯುವ ಮನುಷ್ಯನೊಬ್ಬ ಬೇಕಿತ್ತು. ಆದರೂ ಫೋನು ಮಾಡಿ, 'ಭಾನುವಾರ ನೆರೂಳಿನಲ್ಲಿ ಮದುವೆ ಇದೆ, ಆ ಮನೆಯವರಿಗೆ ಹೇಳಿದ್ದೇನೆ, ನೀವೂ ತಾಯಿಯೂ ಊಟಕ್ಕೆ ಬನ್ನಿ, ನಾನು ಮಾಡುವುದನ್ನು ನೋಡಿ, ಆಮೇಲೆ ಹೇಳಿ' ಎಂದೆ.

ಬಂದರು. ಎರಡನೆಯ ಪಂಕ್ತಿಯಲ್ಲಿ ಕೂತರು. ಅವರ ಸಾಲಿಗೆ ಸಾರಿನ ಬಕೆಟ್ಟು ನಾನೇ ಹಿಡಿದೆ. ಆತ ಎರಡನೆಯ ಸಲ ಹಾಕಿಸಿಕೊಂಡು ಸುರಿದು ಉಂಡ. ಹೋಳಿಗೆ ಮುಗಿದ ಮೇಲೆ ತಾಯಿ ನನ್ನನ್ನು ಕರೆದರು. ದನಿ ತಗ್ಗಿಸಲಿಲ್ಲ. 'ನೋಡಮ್ಮ, ಊಟ ಬಹಳ ಚೆನ್ನಾಗಿತ್ತು. ಆದ್ರೆ ನಮ್ಗೆ ಬೇಕಾಗಿರೋದು ಸೊಸೆ. ಬಡಿಸೋರು ದುಡ್ಡು ಕೊಟ್ರೆ ಎಷ್ಟು ಜನ ಬೇಕಾದ್ರೂ ಸಿಕ್ತಾರೆ' ಎಂದರು. ಪಕ್ಕದ ಎಲೆಯವರು ತಲೆ ಎತ್ತಿ ನೋಡಿದರು. ಆತ ಎಲೆಯಲ್ಲಿದ್ದ ಉಪ್ಪಿನಕಾಯಿಯನ್ನು ಬೆರಳಿನಿಂದ ಆಚೆ ಈಚೆ ತಳ್ಳುತ್ತಾ ಕೂತ. ಒಳ್ಳೆಯ ಮನುಷ್ಯ.

'ಸರಿ. ಮಜ್ಜಿಗೆ ಬರ್ತಾ ಇದೆ, ಏಳಬೇಡಿ' ಎಂದೆ. ಮಜ್ಜಿಗೆಯನ್ನೂ ನಾನೇ ಬಡಿಸಿದೆ. ಎಲ್ಲರೂ ಹೋದ ಮೇಲೆ ಒಲೆಯ ಹಿಂದೆ ಹುಡುಗರ ಜೊತೆ ಕೂತು ಉಂಡೆ.

ಇದು ನಿಮಗೆ ಹೇಳಬೇಕಿದ್ದ ಸುದ್ದಿ. ನಾನು ಹೋಗುತ್ತೇನೆ, ಮುಂದಿನ ಭಾನುವಾರವೂ, ಅದರ ಮುಂದಿನದೂ. ಯಾರ ಮದುವೆಗೂ ಅಲ್ಲ, ನನಗೆ ಬೇಕು, ಅದಕ್ಕೆ. ಎದುರು ಮನೆಯ ಕಾಕು ಕೇಳಿದರೂ ಹಾಗೆಯೇ ಹೇಳುತ್ತೇನೆ. ಅದಕ್ಕೆ ಏನು ಬೆಲೆ ಅಂತ ಗೊತ್ತಾಗಿದೆ, ತೆತ್ತೂ ಆಗಿದೆ.

ಅಮ್ಮ ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅನ್ನ ಬಡಿಸಿದರೆ ಗೋಡೆ ನೋಡುತ್ತಾ ಅಂಗೈ ಅಡ್ಡ ಹಿಡಿಯುತ್ತಾಳೆ. ಇನ್ನೂ ಒಂದು ವಾರ ಆಗಿಲ್ಲ, ನನಗೆ ತುತ್ತು ಒಳಗೆ ಹೋಗುತ್ತಿಲ್ಲ. ಐದು ವರ್ಷ ನನ್ನ ಎದುರು ಕೂತು ನೀವು ಹೇಗೆ ಉಂಡಿರಿ, ಅಪ್ಪಯ್ಯ?

ನಿಮ್ಮ ಮಗಳು,
ಪ್ರತಿಮಾ